ಮಿನಿ ಟ್ಯಾಂಕ್ ಬಂತು ಸರಿ, ವಾಲ್ವ್ ಕೀಲಿ ಯಾರ ಕೈಲಿದೆ? ಹಳ್ಳಿಲಿ ಸಮುದಾಯದ ಕೆಲಸ ಶುರು ಮಾಡೋರಿಗೆ

ಸಮುದಾಯ ಅಭಿವೃದ್ಧಿ, ಸಾಮಾಜಿಕ ಅಭಿವೃದ್ಧಿ, ಸಬಲೀಕರಣ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಎಂಎ) ಓದೋರು ಈ ಮೂರನ್ನೂ ಪರೀಕ್ಷೆಲಿ ಹತ್ತು ಮಾರ್ಕ್ಸಿಗೆ ಚೆನ್ನಾಗಿ ಬಿಡಿಸಿ ಬರೀತಾರೆ, ಆಮೇಲೆ ಫೀಲ್ಡಿಗೆ ಬಂದ್ಮೇಲೆ ಮೂರೂ ಒಂದೇ ಅನ್ಕೊಂಡು ತಿಂಗಳ ರಿಪೋರ್ಟ್ ತುಂಬಿಸ್ತಾರೆ. ನಾನೂ ಹಂಗೇ ತುಂಬಿಸ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ.

ನಂಗೆ ವ್ಯತ್ಯಾಸ ತಿಳಿದಿದ್ದು ಒಂದು ಮಿನಿ ಟ್ಯಾಂಕ್ ಮುಂದೆ. ತುಮಕೂರು ಜಿಲ್ಲೆ ಬಯಲುಸೀಮೆ ಕಡೆ ಒಂದು ಸಣ್ಣ ಊರು, ಹೆಸರು ಬೇಡ. ಊರೊಳಗೆ ನೀರು ಬರ್ತಿತ್ತು, ಕಾಲೋನಿಗೆ, ಅಂದ್ರೆ ದಲಿತರ ಕೇರಿಗೆ, ಇಲ್ಲ. ಓಡಾಡಿ ಓಡಾಡಿ ಕೊನೆಗೆ ಕಾಲೋನಿ ಬಾಯಲ್ಲಿ ನಾಲ್ಕು ನಲ್ಲಿ ಇರೋ ಮಿನಿ ಟ್ಯಾಂಕ್ ಕೂರಿಸಿದ್ರು, ಪೂಜೆ ಆಯ್ತು, ಕಾಯಿ ಒಡೆದ್ರು, ಫೋಟೋ ಆಯ್ತು, ನಾನು ರಿಪೋರ್ಟಲ್ಲಿ ಗುರಿ ಸಾಧನೆ ಅಂತ ಬರೆದು ಕಳಿಸ್ದೆ. ಮೂರು ತಿಂಗಳು ಬಿಟ್ಟು ಹೋದ್ರೆ ಟ್ಯಾಂಕಿನ ಕಟ್ಟೆ ಮೇಲೆ ಯಾರೋ ಹುಣಸೆಹಣ್ಣು ಒಣಗಾಕಿದಾರೆ, ನಲ್ಲಿ ಬುಡ ಒಣಗಿ ಬಿರುಕು ಬಿಟ್ಟಿದೆ. ವಿಚಾರಿಸಿದ್ರೆ ವಾಲ್ವ್ ತಿರುಗಿಸೋ ಕೀಲಿ ಊರೊಳಗಿನ ಒಬ್ರ ಮನೆ ಗೂಡಲ್ಲಿ ಇದೆ, ಅವರಿಗೆ ಮನಸ್ಸು ಬಂದ ದಿನ ಕಾಲೋನಿ ಲೈನಿಗೆ ಬಿಡ್ತಾರೆ, ಬರ್ದೇ ಇದ್ರೆ ಇಲ್ಲ. ಕೇಳೋಕೆ ಹೋಗ್ಬೇಕು ಅಂದ್ರೆ ಅವರ ಜಗಲಿ ಹತ್ರ ನಿಲ್ಬೇಕು, ಆ ಜಗಲಿ ಹತ್ರ ಕಾಲೋನಿ ಹೆಣ್ಮಕ್ಕಳು ಇವತ್ತಿಗೂ ನಿಲ್ಲಲ್ಲ.

ಈಗ ಮೂರು ಪದನೂ ಇದೇ ಟ್ಯಾಂಕಲ್ಲಿ ನೋಡಿ. ಜನ ಸೇರಿ, ಬೇಕು ಅಂತ ತೀರ್ಮಾನ ಮಾಡಿ, ಓಡಾಡಿ ಟ್ಯಾಂಕ್ ತಂದಿದ್ದು ಸಮುದಾಯ ಅಭಿವೃದ್ಧಿ (ಜನರನ್ನ ಕೇಳ್ದೆ ಕಂಟ್ರಾಕ್ಟರ್ ತಂದು ಇಟ್ಟು ಹೋಗಿದ್ರೆ ಅದು ಬರೀ ಕಾಮಗಾರಿ, ಅದಕ್ಕೆ ದೊಡ್ಡ ಹೆಸರು ಬೇಡ). ಆ ನೀರು ಊರಿಗೂ ಕಾಲೋನಿಗೂ ಒಂದೇ ಲೆಕ್ಕದಲ್ಲಿ ಬಂದು, ಬಿಂದಿಗೆ ಹೊರೋಕೆ ಅಂತ ಶಾಲೆ ತಪ್ಪಿಸ್ತಿದ್ದ ಹುಡುಗಿ ಬೆಲ್ ಹೊಡೆಯೋ ಹೊತ್ತಿಗೆ ಕ್ಲಾಸಲ್ಲಿ ಕೂತ್ರೆ ಅದು ಸಾಮಾಜಿಕ ಅಭಿವೃದ್ಧಿ. ಮೂರು ದಿನ ನೀರು ಬರ್ಲಿಲ್ಲ ಅಂದಾಗ ಆ ಹುಡುಗಿಯ ತಾಯಿ ಪಂಚಾಯ್ತಿ ಆಫೀಸಿಗೆ ನಡ್ಕೊಂಡು ಹೋಗಿ, ಕುರ್ಚಿ ಎಳ್ಕೊಂಡು ಕೂತು, ಯಾಕೆ ಬಂದಿಲ್ಲ ಅಂತ ಕೇಳೋದು, ಕೇಳಿದ ಮೇಲೆ ಕೀಲಿ ಕೈ ಬದಲಾಗೋದು ಸಬಲೀಕರಣ. ಮೊದಲನೇದು ಆದ್ರೆ ಉಳಿದೆರಡು ತಾನಾಗೇ ಬರುತ್ತೆ ಅಂತ ತುಂಬ ಜನ ಅನ್ಕೊಂಡಿರ್ತಾರೆ. ಬರಲ್ಲ. ಹುಣಸೆಹಣ್ಣು ಒಣಗುತ್ತೆ ಅಷ್ಟೇ.

ಇದು ನಾನು ಕಂಡುಹಿಡಿದ ಸತ್ಯ ಏನಲ್ಲ. 1952ರ ಅಕ್ಟೋಬರ್ 2ಕ್ಕೆ ದೇಶದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಅಂತಲೇ ಶುರು ಮಾಡಿದ್ರು, ಬ್ಲಾಕು, ಬಿಡಿಒ (ಬ್ಲಾಕಿನ ಅಧಿಕಾರಿ), ಗ್ರಾಮಸೇವಕ ಎಲ್ಲ ಆವಾಗ ಬಂದಿದ್ದು. ಐದು ವರ್ಷಕ್ಕೆ, 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ನೋಡಿ, ಜನ ಇದನ್ನ ತಮ್ಮದು ಅನ್ಕೊಂಡಿಲ್ಲ, ಅಧಿಕಾರ ಕೆಳಗೆ ಕೊಡ್ದೆ ಇದು ನಡೆಯಲ್ಲ ಅಂತು, ಪಂಚಾಯತ್ ರಾಜ್ ಮಾತು ಹುಟ್ಟಿದ್ದೇ ಅಲ್ಲಿಂದ. ನಮ್ಮಲ್ಲಿ ಆವಾಗ ಪಂಚಾಯತ್ ರಾಜ್ ಮಂತ್ರಿ ಆಗಿದ್ದ ನಜೀರ್ ಸಾಬ್ರು 1983ರ ಕಾಯ್ದೆ ತಂದು ಮಂಡಲ ಪಂಚಾಯ್ತಿ ಮಾಡಿ ಹೆಣ್ಮಕ್ಕಳಿಗೆ ಶೇ 25 ಮೀಸಲಾತಿ ಇಟ್ರು, ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ನೀರ್ ಸಾಬ್ ಆದ್ರು. ಅಂದ್ರೆ ನೀರಿನ ಜೊತೆ ಅಧಿಕಾರನೂ ಕೊಟ್ರು, ನಾವು ಮರೆಯೋದು ಆ ಎರಡನೇದನ್ನ. ಆಮೇಲೆ ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ, 1993ರ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ, 2010ಕ್ಕೆ ಪಂಚಾಯ್ತಿಲಿ ಹೆಣ್ಮಕ್ಕಳಿಗೆ ಶೇ 50. ಕಾನೂನಿಗೇನೂ ಬರ ಇಲ್ಲ. ಅದನ್ನ ಊರಲ್ಲಿ ಹಿಡ್ಕೊಂಡು ಕೆಲಸ ಮಾಡೋದು ಹೆಂಗೆ ಅನ್ನೋದಷ್ಟೇ ನಮ್ಮ ಪಾಡು.

ಮೊದಲು, ಸುಮ್ನೆ ಓಡಾಡಿ

ಯಾವ ಯೋಜನೆ ಹೆಸರೂ ಹೇಳ್ಬೇಡಿ. ಲೋನ್ ಕೊಡಿಸ್ತೀವಿ ಅಂತ ಒಂದು ಸಲ ಬಾಯಿ ಬಿಟ್ರೆ ಮುಗೀತು, ಮುಂದಿನ ಎರಡು ವರ್ಷ ಜನ ನಿಮ್ಮನ್ನ ನೋಡಿದ್ರೆ ಅದನ್ನೇ ಕೇಳ್ತಾರೆ. ಒಂದು ದಿನ ಬೆಳಗ್ಗೆ ಆರು ಗಂಟೆಗೆ ಹೋಗಿ, ನಲ್ಲಿ ಹತ್ರ ಯಾರು ಮೊದಲು ಹಿಡೀತಾರೆ, ಯಾರು ಕೊನೆಗೆ ನಿಲ್ತಾರೆ ನೋಡಿ. ಡೈರಿಗೆ ಹಾಲು ಹಾಕೋ ಹೊತ್ತಿಗೆ ಹೋಗಿ. ಸೊಸೈಟಿಲಿ ಅಕ್ಕಿ ಕೊಡೋ ದಿನ ಹೋಗಿ. ಕೂಲಿಗೆ ಹೋಗೋರು ಸಿಗೋದು ರಾತ್ರಿ ಎಂಟರ ಮೇಲೆ, ನೀವು ಹನ್ನೊಂದು ಗಂಟೆಗೆ ಬೈಕಲ್ಲಿ ಹೋಗಿ ಜನ ಸೇರಲ್ಲ ಅಂತ ಗೊಣಗಿದ್ರೆ ತಪ್ಪು ನಿಮ್ದು.

ನಾಲ್ಕೈದು ಸಲ ಹೋದ್ಮೇಲೆ ಊರ ನಕ್ಷೆ ಬರೆಸಿ, ಪಿಆರ್‌ಎ (ಊರಿನ ಸ್ಥಿತಿನ ಊರಿನವರೇ ಕೂತು ಗುರುತಿಸೋ ವಿಧಾನ) ಅಂತಾರಲ್ಲ ಅದೇ. ಪೇಪರು ಬೇಡ, ಪೇಪರ್ ಕೊಟ್ರೆ ಓದಿರೋ ಹುಡುಗನೇ ಪೆನ್ ಹಿಡ್ಕೊಂಡು ಕೂರ್ತಾನೆ. ದೇವಸ್ಥಾನದ ಅಂಗಳ ಬಿಟ್ಟು, ಎಲ್ಲರೂ ಕಾಲಿಡಬಹುದಾದ ಜಾಗ ನೋಡ್ಕೊಂಡು (ಅಂಗನವಾಡಿ ಮುಂದೆ ಆದ್ರೆ ವಾಸಿ) ರಂಗೋಲಿ ಪುಡಿ ಕೊಡಿ. ರಂಗೋಲಿ ಬಿಡೋರು ಹೆಣ್ಮಕ್ಕಳೇ ಆದ್ರಿಂದ ನಕ್ಷೆ ತಾನಾಗೇ ಅವರ ಕೈಗೆ ಹೋಗುತ್ತೆ. ಒಂದೊಂದು ಮನೆಗೆ ಒಂದೊಂದು ಹುಣಸೆಬೀಜ, ಗಂಡ ಇಲ್ಲದೆ ಹೆಂಗಸೇ ನಡೆಸೋ ಮನೆಗೆ ಅವರೆಬೀಜ, ಬೆಂಗಳೂರಿಗೆ ಗುಳೆ ಹೋದ ಮನೆಗೆ ಕಲ್ಲು. ಒಂದು ಊರಲ್ಲಿ ನಕ್ಷೆ ಎಲ್ಲ ಮುಗಿದು ಎದ್ದೇಳೋ ಹೊತ್ತಿಗೆ ಒಬ್ಬ ಅಜ್ಜಿ ಬಂದು ಕೋಲಲ್ಲಿ ಮೂಲೆ ತೋರ್ಸಿ ನಮ್ಮನೆ ಎಲ್ಲಿ ಹೋಯ್ತವ್ವ ಅಂದ್ಲು, ನೋಡಿದ್ರೆ ಕೆರೆ ಏರಿ ಹಿಂದಿನ ಆರು ಗುಡಿಸಲು ಬಿಟ್ಟೇ ಹೋಗಿತ್ತು. ಆ ಆರು ಮನೆ ಬಿಟ್ಟುಹೋಗಿದ್ದೇ ಅವತ್ತಿನ ಮೀಟಿಂಗಿನ ದೊಡ್ಡ ವಿಷಯ ಆಯ್ತು. ನಕ್ಷೆಲಿ ಯಾರು ಬಿಟ್ಟುಹೋದ್ರೋ ಅವರಿಂದ ಕೆಲಸ ಶುರು ಮಾಡಿ.

ಸಂಘ ಕಟ್ಟೋದು, ಇದಕ್ಕೆ ಟೈಮ್ ಕೊಡಿ

ಮಹಿಳಾ ಸಂಘನೇ (ದುಡ್ಡು ಉಳಿಸಿ ಒಳಗೊಳಗೇ ಸಾಲ ಕೊಡ್ಕೊಳ್ಳೋ ಸ್ವಸಹಾಯ ಗುಂಪು) ಯಾಕೆ ಅಂತ ಕೇಳ್ಬಹುದು. ಬೇರೆ ದಾರಿ ಇಲ್ಲ ಅಂತಲ್ಲ, ಕೆರೆ ಬಳಕೆದಾರರ ಸಂಘ, ಯುವಕರ ಸಂಘ ಎಲ್ಲ ಇದೆ, ಆದ್ರೆ ವಾರ ವಾರ ತಪ್ಪದೆ ಸೇರೋದು ಇವರೇ. ಇದು ಹುಟ್ಟಿದ್ದಕ್ಕೂ ನಮ್ಮ ಕಡೆ ಸಂಬಂಧ ಇದೆ, ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ 80ರ ದಶಕದ ನಡುವೆ ನೋಡಿದಾಗ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ರನ್ನೊಬ್ರು ನಂಬೋ ಸಣ್ಣ ಗುಂಪುಗಳು ತಾವೇ ದುಡ್ಡು ಸೇರಿಸಿ ಸಾಲ ಕೊಡ್ಕೊಳ್ತಿದ್ವು, ಅದನ್ನ ಹಿಡ್ಕೊಂಡು ಬೆಳೆಸಿದ್ರು. 1992ರಲ್ಲಿ ನಬಾರ್ಡ್ (ಕೃಷಿ, ಗ್ರಾಮೀಣ ಸಾಲ ನೋಡ್ಕೊಳ್ಳೋ ರಾಷ್ಟ್ರೀಯ ಬ್ಯಾಂಕ್) 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಮಾಡ್ತು, 2000-01ಕ್ಕೆ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಈಗ ಸಂಜೀವಿನಿ ಯೋಜನೆ.

ಹತ್ತರಿಂದ ಇಪ್ಪತ್ತು ಜನ ಇರ್ಲಿ, ಅದಕ್ಕಿಂತ ಜಾಸ್ತಿ ಬೇಡ. ಉಳಿತಾಯ ಎಷ್ಟು ಅನ್ನೋದನ್ನ ಗುಂಪಲ್ಲಿ ತೀರಾ ಬಡವಳು ಯಾರೋ ಅವಳನ್ನ ಕೇಳಿ ಇಡಿ, ಟೀಚರ್ ಹೆಂಡ್ತಿ ನೂರು ಅಂದ್ರೆ ಕೂಲಿಯವಳು ಮೂರನೇ ವಾರಕ್ಕೆ ಬರೋದು ಬಿಡ್ತಾಳೆ, ಬಿಟ್ಟಿದ್ದಕ್ಕೆ ಕಾರಣನೂ ಹೇಳಲ್ಲ. ಪಂಚಸೂತ್ರ ಅಂತ ಟ್ರೈನಿಂಗಲ್ಲಿ ಬಾಯಿಪಾಠ ಮಾಡಿಸ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ತಪ್ಪದೆ ಮರುಪಾವತಿ, ಸರಿಯಾದ ಪುಸ್ತಕ. ಐದೂ ಸರಿನೇ, ಆದ್ರೆ ನನ್ನ ಅನುಭವದಲ್ಲಿ ಸಂಘ ಸಾಯೋದು ಐದನೇದರಿಂದ.

ಯಾಕಂದ್ರೆ ನಾನೇ ಒಂದು ಸಾಯಿಸಿದೀನಿ. ನನ್ನ ಮೊದಲ ವರ್ಷ, ಅವರಿಗೆ ಬರೆಯೋಕೆ ಬರಲ್ಲ, ನಿಧಾನ, ನನಗೆ ಇನ್ನೂ ಎರಡು ಮೀಟಿಂಗ್ ಇದೆ, ಕೊಡಿ ಇಲ್ಲಿ ಅಂತ ನಡವಳಿ ಪುಸ್ತಕ ಇಸ್ಕೊಂಡು ನಾನೇ ಬರೀತಿದ್ದೆ. ಎರಡು ವರ್ಷ ಆ ಸಂಘದ ಪುಸ್ತಕ ಇಡೀ ಕ್ಲಸ್ಟರಿಗೇ ನಂಬರ್ ಒನ್ ಅಂತ ಹೊಗಳಿಸ್ಕೊಂಡೆ. ಹೆರಿಗೆಗೆ ಅಂತ ಆರು ತಿಂಗಳು ರಜೆ ಹೋದೆ, ವಾಪಸ್ ಬರೋ ಹೊತ್ತಿಗೆ ಕೊನೇ ಎಂಟ್ರಿ ನಾನು ಬರೆದದ್ದೇ. ಯಾರಿಗೆ ಎಷ್ಟು ಬಾಕಿ ಅನ್ನೋದರ ಮೇಲೆ ಜಗಳ ಆಗಿ ಇಬ್ರು ಮಾತು ಬಿಟ್ಟಿದ್ರು. ಅದಕ್ಕೆ ಹೇಳ್ತೀನಿ, ಕೆಟ್ಟ ಅಕ್ಷರ ಆದ್ರೂ ಪರ್ವಾಗಿಲ್ಲ, ಒತ್ತಕ್ಷರ ತಪ್ಪಾದ್ರೂ ಪರ್ವಾಗಿಲ್ಲ, ಅವರಲ್ಲೇ ಒಬ್ರು ಬರೀಲಿ, ಯಾರಿಗೂ ಬರ್ದಿದ್ರೆ ಏಳನೇ ಕ್ಲಾಸ್ ಓದೋ ಒಬ್ಬಳ ಮಗಳು ಬರೀಲಿ. ಬರೆದಿದ್ದನ್ನ ಮೀಟಿಂಗ್ ಕೊನೆಗೆ ಜೋರಾಗಿ ಓದಿ ಹೇಳ್ಬೇಕು, ಆಮೇಲೆ ಸಹಿ. ಓದಿ ಹೇಳ್ದೆ ಸಹಿ ಹಾಕಿಸ್ಬೇಡಿ, ಖಾಲಿ ಹಾಳೆ ಮೇಲಂತೂ ಹೆಬ್ಬೆಟ್ಟು ಕೂಡ ಬೇಡ, ಯಾರೇ ಆಫೀಸರ್ ಬಂದು ಅರ್ಜೆಂಟ್ ಅಂದ್ರೂ.

ಬ್ಯಾಂಕ್ ವಿಷಯ ಬೇಗ ಹೇಳ್ಬಿಡ್ತೀನಿ. ಖಾತೆ ಸಂಘದ ಹೆಸರಲ್ಲಿ, ಮೂರು ಜನರ ಸಹಿ ಕೊಟ್ಟು ಅದರಲ್ಲಿ ಯಾರಾದ್ರೂ ಇಬ್ರು ಹಾಕಿದ್ರೆ ದುಡ್ಡು ಬರೋ ಹಂಗೆ ಮಾಡಿ, ವರ್ಷ ಎರಡು ವರ್ಷಕ್ಕೆ ಸಹಿ ಹಾಕೋರನ್ನ ಬದಲಾಯಿಸಿ. ಆರು ತಿಂಗಳು ಪುಸ್ತಕ ಸರಿಯಾಗಿದ್ರೆ ಲಿಂಕೇಜ್ ಸಾಲ (ಸಂಘಕ್ಕೆ ಅಂತ ಬ್ಯಾಂಕ್ ಕೊಡೋ ಸಾಲ) ಕೇಳಬಹುದು. ಸಂಜೀವಿನಿ ಸಂಘಗಳಿಗೆ 20 ಲಕ್ಷದ ತನಕ ಅಡಮಾನ ಕೇಳೋ ಹಾಗಿಲ್ಲ, ಸಂಘದ ಉಳಿತಾಯನ ಹಿಡಿದಿಟ್ಕೊಳ್ಳೋ ಹಾಗೂ ಇಲ್ಲ, ಇದು ರಿಸರ್ವ್ ಬ್ಯಾಂಕ್ ಸುತ್ತೋಲೆಲೇ ಇದೆ, ಕೌಂಟರಲ್ಲಿ ಡೆಪಾಸಿಟ್ ಇಡ್ರಮ್ಮ ಅಂದ್ರೆ ಇದನ್ನ ಹೇಳಿ.

ಇನ್ನೊಂದು, ಸಂಘ ಬೇರೆ, ಮೈಕ್ರೋಫೈನಾನ್ಸ್ ಗುಂಪು ಬೇರೆ. ಎರಡರಲ್ಲೂ ಹೆಣ್ಮಕ್ಕಳು ಸೇರ್ತಾರೆ, ಎರಡಕ್ಕೂ ಜನ ಸಂಘ ಅಂತಲೇ ಅಂತಾರೆ. ಗುಂಪಲ್ಲಿ ದುಡ್ಡು ಕಂಪ್ನಿದು, ಬಡ್ಡಿ ತೀರ್ಮಾನನೂ ಅವರ್ದೇ, ಸೋಮವಾರ ಬೆಳಗ್ಗೆ ಏಳಕ್ಕೆ ಮನೆ ಮುಂದೆ ಬೈಕ್ ನಿಲ್ಲುತ್ತೆ. ಸಂಘದಲ್ಲಿ ಬಡ್ಡಿ ನೂರಕ್ಕೆ ಒಂದು ರೂಪಾಯಿನೋ ಎರಡೋ ಅಂತ ಇವರೇ ಕೂತು ತೀರ್ಮಾನ ಮಾಡ್ತಾರೆ, ಆ ಬಡ್ಡಿ ಇವರ ಪೆಟ್ಟಿಗೆಗೇ ವಾಪಸ್ ಬರುತ್ತೆ. ವಸೂಲಿ ಕಾಟಕ್ಕೆ ಊರು ಬಿಟ್ಟೋರನ್ನ ನೋಡಿದೀವಿ, 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರೋ ಮಟ್ಟಕ್ಕೆ ಹೋಯ್ತು. ಸಾಲ ಸಿಕ್ಕಿದ್ದನ್ನೇ ಸಬಲೀಕರಣ ಅಂತ ಬರೆಯೋರು ಒಂದು ಸಲ ಸೋಮವಾರ ಬೆಳಗ್ಗೆ ಬಂದು ನೋಡ್ಲಿ.

ಮೊದಲ ಕೆಲಸ ಯಾವುದು ಹಿಡೀಬೇಕು

ಸಣ್ಣದು ಹಿಡೀರಿ. ಮೂರ್ನಾಲ್ಕು ತಿಂಗಳಲ್ಲಿ ಮುಗಿಯೋ ಅಂಥದ್ದು, ಕಣ್ಣಿಗೆ ಕಾಣೋ ಅಂಥದ್ದು. ಬೀದಿದೀಪ, ಚರಂಡಿ ಮೇಲಿನ ಚಪ್ಪಡಿ, ಅಂಗನವಾಡಿ ನಲ್ಲಿ. ಸಮುದಾಯ ಭವನ ಅಂತ ಶುರು ಮಾಡ್ಬೇಡಿ, ಜಾಗ ಯಾರ್ದು ಅನ್ನೋದ್ರಲ್ಲೇ ಎರಡು ಎಲೆಕ್ಷನ್ ಕಳೆದುಹೋಗುತ್ತೆ. ನಾವು ಆ ಕಾಲೋನಿಲಿ ಎರಡನೇ ಸುತ್ತು ಶುರು ಮಾಡಿದ್ದು ಟ್ಯಾಂಕಿಂದ ಅಲ್ಲ, ಬೀದಿದೀಪದಿಂದ. ಟ್ಯಾಂಕಿಗೆ ಕೈ ಹಾಕಿದ್ರೆ ಕೀಲಿ ಮನೆಯವರ ಜೊತೆ ನೇರ ಜಗಳ, ಆ ಜಗಳ ತಡ್ಕೊಳ್ಳೋ ಶಕ್ತಿ ಆವಾಗ ಸಂಘಕ್ಕೆ ಇರ್ಲಿಲ್ಲ. ಎರಡು ಕಂಬಕ್ಕೆ ಬಲ್ಬ್ ಬಂದ್ಮೇಲೆ ಅವರ ಮಾತಿನ ಧಾಟಿನೇ ಬೇರೆ ಆಯ್ತು. ಹೆದರ್ಕೊಂಡು ಬಿಟ್ಟಿದ್ದಲ್ಲ, ಮುಂದಕ್ಕೆ ಇಟ್ಕೊಂಡಿದ್ದು. ಹೊಸಬರು ಮೊದಲ ದಿನವೇ ಕ್ರಾಂತಿ ಮಾಡೋಕೆ ಹೋಗ್ತಾರೆ, ಸಾಯಂಕಾಲ ಅವರು ಬಸ್ ಹತ್ತಿ ಹೋಗ್ತಾರೆ, ಮಾರನೇ ದಿನ ಅದೇ ಊರಲ್ಲಿ ಕೂಲಿ ಕೇಳ್ಬೇಕಾಗಿರೋದು ಈ ಹೆಣ್ಮಕ್ಕಳು.

ಗ್ರಾಮಸಭೆಗೆ ಹೋಗೋದು

ಇಲ್ಲೇ ನೋಡಿ ಮೂರೂ ಪದ ಒಂದೇ ಕಡೆ ಸೇರೋದು. ನಿಮ್ಮ ಬೇಡಿಕೆ ಪಂಚಾಯ್ತಿ ಯೋಜನೆಲಿ ಬರ್ಬೇಕು ಅಂದ್ರೆ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಆರು ತಿಂಗಳಿಗೆ ಒಂದಾದ್ರೂ ನಡೀಲೇಬೇಕು. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆ ಮಾಡೋ ಜನ ಯೋಜನೆ ಅಭಿಯಾನ ನಡೆಯುತ್ತೆ (1952ರ ಅದೇ ತಾರೀಕು, ಗಾಂಧೀಜಿ ಹುಟ್ಟಿದಬ್ಬದ ಮೇಲೆ ಎಲ್ಲ ಭಾರ), ಆ ಹೊತ್ತಿಗೆ ನಿಮ್ಮ ಪಟ್ಟಿ ರೆಡಿ ಇರ್ಲಿ. ಸಭೆಗೆ ಬಂದೋರಲ್ಲಿ ಹೆಣ್ಮಕ್ಕಳು ಶೇ 30 ಇರ್ಬೇಕು ಅಂತ ಕಾಯ್ದೆ ಹೇಳುತ್ತೆ, ಕೋರಂ (ಸಭೆ ನಡೆಸೋಕೆ ಬೇಕಾದಷ್ಟು ಜನ) ಇಲ್ಲ ಅಂದ್ರೆ ಮುಂದಕ್ಕೆ ಹಾಕಿ ಅಂತ ಕೇಳೋ ಹಕ್ಕು ನಿಮಗಿದೆ. ಸಭೆ ಯಾವತ್ತು ಅಂತ ತಿಳ್ಕೊಳ್ಳೋದೇ ಒಂದು ಕೆಲಸ, ನೋಟಿಸ್ ಆಫೀಸ್ ಬಾಗಿಲ ಹಿಂದೆ ಅಂಟಿಸಿರ್ತಾರೆ, ವಾಟರ್‌ಮ್ಯಾನ್ ಜೊತೆ ಚೆನ್ನಾಗಿದ್ರೆ ಅವನೇ ಹೇಳ್ತಾನೆ.

ಹಿಂದಿನ ವಾರದ ಸಂಘದ ಮೀಟಿಂಗಲ್ಲಿ ರಿಹರ್ಸಲ್ ಮಾಡಿ, ನಗ್ಬೇಡಿ, ನಿಜವಾಗ್ಲೂ ಮಾಡಿ. ಒಬ್ಬಳು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆಗ್ಲಿ, ಒಬ್ಬಳು ಮೆಂಬರ್ ಆಗ್ಲಿ, ಒಬ್ಬಳು ಮಾತು ತಡೆಯೋ ಗಂಡಸಾಗ್ಲಿ. ನಮ್ಮ ಸಂಘದಲ್ಲಿ ಗಂಡಸಿನ ಪಾರ್ಟ್ ಮಾಡಿದವಳು ಸೆರಗನ್ನೇ ಟವೆಲ್ ಥರ ಹೆಗಲಿಗೆ ಹಾಕ್ಕೊಂಡು ಏಯ್ ಕೂತ್ಕೊಳಮ್ಮ ನಿಂಗೇನ್ ಗೊತ್ತು ಅಂದ ಧಾಟಿಗೆ ಎಲ್ಲ ಬಿದ್ದು ಬಿದ್ದು ನಕ್ಕರು, ಆಮೇಲೆ ಸಭೆಲಿ ಒಬ್ರು ಥೇಟ್ ಅದೇ ಮಾತು ಹೇಳಿದಾಗ ಇವರಿಗೆ ಭಯದ ಬದಲು ನಗು ಬಂತು. ಅಷ್ಟು ಸಾಕಿತ್ತು. ಲಕ್ಷ್ಮಮ್ಮ ಅಂತ ಇಟ್ಕೊಳ್ಳಿ, ಅವಳು ಎದ್ದು, ಸಾರ್ ನಮ್ ಕಾಲೋನಿಗೆ ವಾರಕ್ಕೆ ಎಷ್ಟು ದಿನ ನೀರು ಬಿಡ್ಬೇಕು ಅಂತ ಆರ್ಡರ್ ಐತೆ, ಎಷ್ಟು ದಿನ ಬಿಟ್ಟವ್ರೆ, ಪುಸ್ತಕದಲ್ಲಿ ಬರ್ಕೊಳಿ ಅಂದ್ಲು. ಬರ್ಕೊಳಿ ಅನ್ನೋದೇ ಮುಖ್ಯ. ಆಯ್ತಮ್ಮ ಮಾಡ್ಕೊಡ್ತೀವಿ ಅಂತ ಮೈಕಲ್ಲಿ ಹೇಳೋದಕ್ಕೆ ಬೆಲೆ ಇಲ್ಲ, ಠರಾವಲ್ಲಿ ಬಂದ್ರೆ ಮಾತ್ರ ಇದೆ. ಸಭೆ ಮುಗಿದ ಮೇಲೆ ನಡವಳಿ ನಕಲು ಕೇಳಿ. ಕೊಡ್ಲಿಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು, ಬಿಪಿಎಲ್ ಕಾರ್ಡ್ ಇದ್ರೆ ಆ ಹತ್ತು ರೂಪಾಯಿನೂ ಇಲ್ಲ. ದುಡ್ಡು ಎಲ್ಲಿಗೆ ಹೋಯ್ತು ಅಂತ ನೋಡ್ಬೇಕಂದ್ರೆ ಇ-ಗ್ರಾಮ ಸ್ವರಾಜ್ ಪೋರ್ಟಲಲ್ಲಿ ಪಂಚಾಯ್ತಿ ಯೋಜನೆ, ಖರ್ಚು ಎರಡೂ ಇರುತ್ತೆ, ಕಾಲೇಜಿಗೆ ಹೋಗೋ ಹುಡುಗಿ ಮೊಬೈಲಲ್ಲಿ ಐದು ನಿಮಿಷಕ್ಕೆ ತೆಗೆದು ತೋರಿಸ್ತಾಳೆ.

ಗಂಡಂದಿರ ವಿಷಯ. ಅಧ್ಯಕ್ಷೆ ಕುರ್ಚಿ ಪಕ್ಕದಲ್ಲಿ ಅವರ ಯಜಮಾನ್ರು ಕೂತು ಉತ್ತರ ಕೊಡೋದು ಎಲ್ಲರೂ ನೋಡಿರೋದೇ. ಸಭೆಲಿ ಗಂಡನ ಜೊತೆ ಜಗಳ ಆಡ್ಬೇಡಿ, ಪ್ರಶ್ನೆನ ಅಧ್ಯಕ್ಷೆಯ ಮುಖ ನೋಡ್ಕೊಂಡು ಅವರ ಹೆಸರು ಹಿಡಿದು ಅಮ್ಮ ನೀವು ಹೇಳಿ ಅಂತ ಕೇಳಿ, ಉತ್ತರ ಬೇರೆ ಕಡೆಯಿಂದ ಬಂದ್ರೂ ಮತ್ತೆ ಅವರನ್ನೇ ಕೇಳಿ. ಮೂರು ಸಲ ಆದ್ಮೇಲೆ ಅವರಿಗೂ ಬಾಯಿ ಬರುತ್ತೆ. ನಮ್ಮಲ್ಲಿ ಒಬ್ರು ಹೀಗೇ ಶುರುವಾಗಿ ಆಮೇಲೆ ಗಂಡನ್ನ ಡೈರಿಗೆ ಕಳಿಸಿ ಸಭೆಗೆ ಬರೋಕೆ ಶುರು ಮಾಡಿದ್ರು.

ಕೆಲಸ ನಡೆಯೋವಾಗ, ಆದ್ಮೇಲೆ

ಮಂಜೂರಾದ್ರೆ ಎಸ್ಟಿಮೇಟ್ ನಕಲು ತಗೊಳ್ಳಿ, ಪೈಪು ಎಷ್ಟು ಇಂಚು, ಎಷ್ಟು ಅಡಿ ಆಳ ಅಂತ ಸಂಘದ ಮೀಟಿಂಗಲ್ಲಿ ಓದಿ ಹೇಳಿ, ಇಬ್ರು ಹೋಗಿ ಅಳತೆ ಟೇಪ್ ಹಿಡೀಲಿ. ನೀರಿನ ಕೆಲಸ ಆದ್ರೆ ಗ್ರಾಮ ನೀರು ನೈರ್ಮಲ್ಯ ಸಮಿತಿ ಇರುತ್ತೆ, ಜಲಜೀವನ್ ಮಿಷನ್ ಪ್ರಕಾರ ಅದರಲ್ಲಿ ಅರ್ಧ ಹೆಣ್ಮಕ್ಕಳು ಇರ್ಬೇಕು, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ, ಊರೊಳಗಿನ ಕಾಮಗಾರಿ ಖರ್ಚಲ್ಲಿ ಶೇ 10 ಜನರ ವಂತಿಗೆ, ಎಸ್ಸಿ ಎಸ್ಟಿ ಜನ ಅರ್ಧಕ್ಕಿಂತ ಜಾಸ್ತಿ ಇರೋ ಊರಲ್ಲಿ ಶೇ 5. ವಂತಿಗೆ ದುಡ್ಡಲ್ಲೇ ಕೊಡ್ಬೇಕು ಅಂತಿಲ್ಲ, ಶ್ರಮದಾನನೂ ನಡೆಯುತ್ತೆ. ಸಮಿತಿ ಪಟ್ಟಿ ಕೇಳಿ ನೋಡಿ, ನಾನು ಕೇಳಿದ ಒಂದು ಕಡೆ ಪಟ್ಟಿಲಿದ್ದ ಮೂರು ಹೆಂಗಸರಿಗೆ ತಾವು ಸಮಿತಿಲಿ ಇದೀವಿ ಅನ್ನೋದೇ ಗೊತ್ತಿರ್ಲಿಲ್ಲ.

ಕೀಲಿ ಕಥೆಗೆ ಬರ್ತೀನಿ. ಠರಾವು ಆದ್ಮೇಲೂ ಎರಡು ತಿಂಗಳು ಏನೂ ಆಗ್ಲಿಲ್ಲ. ಸಂಘದವರು ಒಂದು ಕ್ಯಾಲೆಂಡರ್ ತಗೊಂಡು, ದೇವರ ಫೋಟೋ ಇರೋದೇ, ನೀರು ಬಂದ ದಿನಕ್ಕೆ ಕುಂಕುಮದ ಬೊಟ್ಟು, ಬರದ ದಿನಕ್ಕೆ ಇದ್ದಿಲ ಗೀಟು ಹಾಕ್ತಾ ಬಂದ್ರು. ಆ ಎರಡು ಹಾಳೆನೇ ಪಿಡಿಒ ಟೇಬಲ್ ಮೇಲೆ ಇಟ್ಟಿದ್ದು. ಜಗಳ ಇಲ್ಲ, ಧಿಕ್ಕಾರ ಇಲ್ಲ. ಪಂಚಾಯ್ತಿಯವರು ಕಾಲೋನಿ ಲೈನಿಗೆ ಬೇರೆ ವಾಲ್ವ್ ಹಾಕಿಸಿ ಅದರ ಕೀಲಿನ ಕಾಲೋನಿಯ ಒಬ್ಬಳಿಗೆ ಕೊಟ್ರು. ಊರೊಳಗೆ ಗುಸುಗುಸು ಆಯ್ತು, ಒಂದು ಸುಗ್ಗಿ ಅವಳ ಗಂಡನಿಗೆ ಕೆಲವರ ಹೊಲದಲ್ಲಿ ಕೂಲಿ ಸಿಗ್ಲಿಲ್ಲ, ಇದನ್ನೂ ಬರೀಬೇಕು, ಏನೂ ಬೆಲೆ ಕೊಡದೆ ಆಯ್ತು ಅಂದ್ರೆ ಮೋಸ. ಆ ಸುಗ್ಗಿಲಿ ಅವರ ಮನೆಗೆ ಸಂಘದ ಪೆಟ್ಟಿಗೆಯಿಂದ ಬಡ್ಡಿ ಇಲ್ಲದೆ ಸಾಲ ಕೊಟ್ರು, ಯಾರೂ ಹೇಳಿಕೊಟ್ಟಿದ್ದಲ್ಲ. ಉಳಿತಾಯ ಯಾಕೆ ಮೊದಲು ಅಂತ ನಂಗೆ ಪೂರ್ತಿ ಅರ್ಥ ಆಗಿದ್ದು ಅವತ್ತು.

ವರ್ಷಕ್ಕೊಂದು ಸಲ ಲೆಕ್ಕ ಹಾಕೋವಾಗ ಎಷ್ಟು ಸಂಘ, ಎಷ್ಟು ಲಕ್ಷ ಸಾಲ ಅಂತ ಮಾತ್ರ ಬರೀಬೇಡಿ. ಹೋದ ವರ್ಷ ಸಭೆಲಿ ಬಾಯಿ ಬಿಡದೆ ಈ ವರ್ಷ ಬಿಟ್ಟೋರು ಎಷ್ಟು ಜನ ಬರೀರಿ. ಪುಸ್ತಕ ಈಗ ಯಾರ ಕೈಲಿದೆ ಬರೀರಿ. ಶಾಲೆ ಬಿಟ್ಟ ಹುಡುಗಿಯರಲ್ಲಿ ವಾಪಸ್ ಸೇರಿದೋರು, ಬಾಲ್ಯವಿವಾಹ ನಿಂತಿದ್ದು, ಕೆರೆ ಏರಿ ಹಿಂದಿನ ಆರು ಮನೆಗೆ ಏನು ತಲುಪಿತು ಅದನ್ನ ಬರೀರಿ. ಮೇಲಿನ ಆಫೀಸಿನ ಫಾರ್ಮಲ್ಲಿ ಇದಕ್ಕೆಲ್ಲ ಕಾಲಂ ಇರಲ್ಲ, ಷರಾ ಅಂತ ಇರುತ್ತಲ್ಲ ಅಲ್ಲಿ ತುರುಕಿ.

ಮತ್ತೆ ನೀವು ಹೋಗೋದು ಕಮ್ಮಿ ಮಾಡಿ. ಎರಡನೇ ವರ್ಷದಿಂದ ತಿಂಗಳಿಗೊಂದು ಸಲ, ಮೂರನೇ ವರ್ಷ ಕರೆದ್ರೆ ಮಾತ್ರ. ಬ್ಯಾಂಕಿಗೆ ಜೊತೆಗೆ ಹೋಗೋದನ್ನ ಎಲ್ಲಕ್ಕಿಂತ ಮೊದಲು ನಿಲ್ಲಿಸಿ, ಮೊದಲ ಸಲ ಹೊರಗೆ ಬೇವಿನ ಮರದ ಕೆಳಗೆ ಕೂತ್ಕೊಳ್ಳಿ, ಎರಡನೇ ಸಲ ಹೋಗ್ಲೇಬೇಡಿ. ಫೋನ್ ಬರುತ್ತೆ, ಮೇಡಂ ಚಲನ್ ಹೆಂಗೆ ತುಂಬೋದು ಅಂತ. ಫೋನಲ್ಲೇ ಹೇಳಿ. ತಪ್ಪು ತುಂಬಿ ವಾಪಸ್ ಬಂದ್ರೆ ಇನ್ನೊಂದು ಚಲನ್ ಇಸ್ಕೊಳ್ತಾರೆ, ಚಲನ್‌ಗೇನು ದುಡ್ಡಿಲ್ಲ.